ಕಡಿಮೆ ಕೊಡುವುದೂ ಚಿಕಿತ್ಸೆಯೇ: ತೀವ್ರ ನಿಗಾ ಘಟಕದ ಹೊಸ ತಿಳಿವಳಿಕೆ

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಉಲ್ಬಣಿಸಿ, ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಸಾಗಿಸಿ, ಅಲ್ಲಿ ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ ಮನೆಮಂದಿಗೆ ದಿಕ್ಕು ತೋಚದಂತಾಗುವುದು ಸಹಜ. ಬಾಗಿಲ ಹೊರಗೆ ಕುಳಿತವರಿಗೆ ಒಳಗೆ ನಡೆಯುವುದು ಕಾಣುವುದಿಲ್ಲ. ಕಂಡ ಅಷ್ಟಿಷ್ಟೂ ಅರ್ಥವಾಗುವುದಿಲ್ಲ. "ಡ್ರಿಪ್ ನಿಲ್ಲಿಸಿದ್ದಾರೆ, ರಕ್ತ ಕೊಡುತ್ತಿಲ್ಲ, ರೋಗಿಯನ್ನು ಬೋರಲು ಮಲಗಿಸಿದ್ದಾರೆ, ನಿದ್ರೆಯ ಔಷಧ ತೆಗೆದಿದ್ದಾರೆ" ಎಂದು ಗಾಬರಿಯಾಗುತ್ತದೆ. ಕೆಲವರು ವೈದ್ಯರೊಡನೆ ಜಗಳಕ್ಕಿಳಿಯುತ್ತಾರೆ. ಮತ್ತೆ ಕೆಲವರು ಗುಣವಾಗಬಹುದಾದ ರೋಗಿಯನ್ನೇ ಅರ್ಧದಲ್ಲಿ ಮನೆಗೆ ಕರೆದೊಯ್ಯುತ್ತಾರೆ. ಆದುದರಿಂದ ಈ ವಿಭಾಗದಲ್ಲಿ ಈಚೆಗೆ ನಡೆದಿರುವ ಸಂಶೋಧನೆಗಳು ಏನು ಹೇಳುತ್ತವೆಂಬುದನ್ನು ನಮ್ಮ ಗ್ರಾಮಸ್ಥರೂ ತಿಳಿದಿರುವುದು ಅಗತ್ಯ.

ಈ ವಿಭಾಗ ಹುಟ್ಟಿದ ಬಗೆ

ಶಸ್ತ್ರಚಿಕಿತ್ಸೆಯ ವೇಳೆ ನೋವು ತಿಳಿಯದಂತೆ ಮಾಡುವ ವೈದ್ಯರನ್ನು ಅರಿವಳಿಕೆ ತಜ್ಞರೆನ್ನುತ್ತೇವೆ. ರೋಗಿಯ ಉಸಿರನ್ನು ಕಾಯುವುದು ಇವರ ಮುಖ್ಯ ಕೆಲಸ. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತಾವು ನಿತ್ಯ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಯೂ ಮಾಡಿದರು. 12 ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಅನಂತರ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಚೀಲ ಒತ್ತಿ ರೋಗಿಗಳನ್ನು ಉಳಿಸಿದರು. 1953ರಲ್ಲಿ ಇಬ್ಸೆನ್ ಅವರು ಇಂಥ ರೋಗಿಗಳಿಗಾಗಿಯೇ ಪ್ರತ್ಯೇಕ ವಿಭಾಗವನ್ನು ತೆರೆದರು. ಇಂದಿನ ತೀವ್ರ ನಿಗಾ ಘಟಕದ ಮೂಲ ಅದೇ.

ಮುಂದೆ ಕೈಯ ಬದಲು ಯಂತ್ರ ಬಂತು. ಔಷಧಗಳೂ ಉಪಕರಣಗಳೂ ಹೆಚ್ಚಿದವು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ಭಾವನೆ ಬೆಳೆಯಿತು. ಕಳೆದ ಸುಮಾರು 25 ವರ್ಷಗಳ ಸಂಶೋಧನೆಯು ಈ ಭಾವನೆಯನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದೆ.

ಪರೀಕ್ಷೆ ಮಾಡುವ ಕ್ರಮ

ಒಂದು ಹೊಸ ತಳಿಯ ರಾಗಿ ಒಳ್ಳೆಯದೋ ಅಲ್ಲವೋ ತಿಳಿಯಲು ನಾವು ಏನು ಮಾಡುತ್ತೇವೆ? ಒಂದೇ ಹೊಲದಲ್ಲಿ ಎರಡು ಪಟ್ಟೆ ಮಾಡಿ, ಒಂದರಲ್ಲಿ ಹಳೆಯದನ್ನೂ ಇನ್ನೊಂದರಲ್ಲಿ ಹೊಸದನ್ನೂ ಬಿತ್ತಿ, ಇಳುವರಿ ತೂಗುತ್ತೇವೆ. ವೈದ್ಯರೂ ಹಾಗೆಯೇ ಮಾಡುತ್ತಾರೆ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಕ್ರಮ, ಇನ್ನೊಂದಕ್ಕೆ ಮತ್ತೊಂದು ಕ್ರಮ ಅನುಸರಿಸಿ, ಎಷ್ಟು ಮಂದಿ ಉಳಿದರೆಂದು ಎಣಿಸುತ್ತಾರೆ. ಮುಂದೆ ಹೇಳುವ ಅಂಕಿಗಳೆಲ್ಲ ಹೀಗೆ ಬಂದವು.

1. ಗಾಳಿ ಕಡಿಮೆ

ಉಸಿರಾಟದ ಯಂತ್ರವೆಂದರೆ ಕಮ್ಮಾರನ ತಿದಿಯಿದ್ದಂತೆ. ಶ್ವಾಸಕೋಶಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಸೋಂಕು ತೀವ್ರವಾದಾಗ ಶ್ವಾಸಕೋಶದ ಬಹುಭಾಗದಲ್ಲಿ ನೀರು ತುಂಬಿ, ಗಾಳಿಯಾಡುವ ಭಾಗ ಸ್ವಲ್ಪವೇ ಉಳಿದಿರುತ್ತದೆ. ಅಷ್ಟು ಚಿಕ್ಕ ಜಾಗಕ್ಕೆ ಪೂರ್ಣ ಶ್ವಾಸಕೋಶದ ಗಾಳಿಯನ್ನು ತುಂಬಿದರೆ ಒಳ್ಳೆಯ ಭಾಗವೂ ಹಿಗ್ಗಿ ಕೆಡುತ್ತದೆ.

ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥ 861 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪ್ರತಿ ಉಸಿರಿಗೆ, ದೇಹದ ಒಂದು ಕಿಲೋ ತೂಕಕ್ಕೆ 12 ಮಿಲಿಲೀಟರ್ ಲೆಕ್ಕದಲ್ಲಿ ಗಾಳಿ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಅರ್ಧ, ಎಂದರೆ 6 ಮಿಲಿಲೀಟರ್. ಹೆಚ್ಚು ಗಾಳಿ ಪಡೆದವರಲ್ಲಿ ಶೇಕಡ 39.8 ಮಂದಿ ತೀರಿಕೊಂಡರು. ಕಡಿಮೆ ಪಡೆದವರಲ್ಲಿ ಶೇಕಡ 31. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಗುಂಡಿ ಸ್ವಲ್ಪ ತಿರುಗಿಸಿದ್ದರಿಂದ 100ಕ್ಕೆ 8-9 ಜೀವ ಉಳಿಯಿತು. ಇಲ್ಲಿ ಲೆಕ್ಕಕ್ಕೆ ಹಿಡಿಯುವ ತೂಕ ತಕ್ಕಡಿಯ ತೂಕವಲ್ಲ, ಎತ್ತರಕ್ಕೆ ತಕ್ಕ ತೂಕ. ಮನುಷ್ಯ ದಪ್ಪನಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಷ್ಟೆ. ಆದುದರಿಂದಲೇ ರೋಗಿಯ ಉದ್ದವನ್ನು ಟೇಪು ಹಿಡಿದು ಅಳೆಯುತ್ತಾರೆ.

2. ಬೋರಲು ಮಲಗಿಸುವುದು

ಶ್ವಾಸಕೋಶದ ಹೆಚ್ಚು ಭಾಗ ಇರುವುದು ಬೆನ್ನಿನ ಕಡೆ. ರೋಗಿ ಅಂಗಾತ ಮಲಗಿದ್ದರೆ ಆ ಭಾಗ ಎದೆಯ ಭಾರಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಬೋರಲು ಮಲಗಿಸಿದರೆ ಅದು ಬಿಚ್ಚಿಕೊಂಡು ಗಾಳಿ ಆಡುತ್ತದೆ. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿ, ಯಂತ್ರದ ನೆರವಿನಲ್ಲಿದ್ದ 466 ತೀವ್ರ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮ್ಮೆಗೆ 16 ಗಂಟೆಗೆ ಕಡಿಮೆಯಿಲ್ಲದಂತೆ ಬೋರಲು ಮಲಗಿಸಿದ ಗುಂಪಿನಲ್ಲಿ 28 ದಿನಗಳೊಳಗೆ ಶೇಕಡ 16 ಮಂದಿ ತೀರಿಕೊಂಡರೆ, ಅಂಗಾತ ಮಲಗಿದವರಲ್ಲಿ ಶೇಕಡ 32.8. ಸಾವು ಅರ್ಧಕ್ಕೆ ಇಳಿಯಿತು. ಇದಕ್ಕೆ ಬೇಕಾದುದು ಅನುಭವವುಳ್ಳ ನಾಲ್ಕೈದು ಜನರ ಕೈಗಳು ಮಾತ್ರ. ಕೊಳವೆ ಕಳಚದಂತೆ ತಿರುಗಿಸುವುದೇ ಇದರಲ್ಲಿ ಮುಖ್ಯ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ನಮ್ಮ ಆಸ್ಪತ್ರೆಗಳಲ್ಲಿಯೂ ಹೀಗೆ ಮಲಗಿಸಿದ್ದನ್ನು ಅನೇಕರು ಕಂಡಿರಬಹುದು. ಅದು ರೋಗಿಗೆ ಕೊಡುವ ಹಿಂಸೆಯಲ್ಲ.

3. ನಿದ್ರೆಯ ಔಷಧ ಕಡಿಮೆ

ಗಂಟಲಲ್ಲಿ ಕೊಳವೆ ಇರುವಾಗ ನೋವು, ಗಾಬರಿ ಆಗದಂತೆ ನಿದ್ರೆಯ ಔಷಧ ಕೊಡುತ್ತಾರೆ. ಅದನ್ನು ಹಗಲಿರುಳೂ ಬಿಡದೆ ಕೊಟ್ಟರೆ ದೇಹದಲ್ಲಿ ಶೇಖರವಾಗಿ ರೋಗಿ ಬೇಗ ಏಳುವುದಿಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ 128 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಗುಂಪಿನವರಿಗೆ ದಿನಕ್ಕೊಮ್ಮೆ ಔಷಧ ನಿಲ್ಲಿಸಿ ಎಚ್ಚರವಾಗಲು ಬಿಟ್ಟರು. ಅವರು ಸುಮಾರು 5 ದಿನಗಳಲ್ಲಿ ಯಂತ್ರದಿಂದ ಬಿಡುಗಡೆ ಹೊಂದಿದರು. ಇತರರಿಗೆ 7 ದಿನಕ್ಕೂ ಹೆಚ್ಚು ಬೇಕಾಯಿತು. ಎರಡು ದಿನ ಎಂದರೆ ಬಡ ಕುಟುಂಬಕ್ಕೆ ಸಣ್ಣ ಮಾತಲ್ಲ. ಆದುದರಿಂದ ರೋಗಿ ಕಣ್ಣು ಬಿಟ್ಟು ಕೈ ಆಡಿಸಿದರೆ, "ಔಷಧ ಕೊಡದೆ ಸಾಯಿಸುತ್ತಿದ್ದಾರೆ" ಎಂದು ತಿಳಿಯಬಾರದು. ನೋವಿಗೆ ಬೇರೆ ಔಷಧ ಕೊಡುತ್ತಿರುತ್ತಾರೆ.

ಘಟಕದಲ್ಲಿರುವ ರೋಗಿಗಳಿಗೆ, ಅದರಲ್ಲಿಯೂ ವೃದ್ಧರಿಗೆ, ಹಗಲು ರಾತ್ರಿಯ ಅರಿವು ತಪ್ಪಿ ಭ್ರಮೆ ಹಿಡಿಯುವುದುಂಟು. ಇದು ದೆವ್ವದ ಕಾಟವಲ್ಲ, ಹುಚ್ಚೂ ಅಲ್ಲ, ಮಿದುಳಿನ ಆಯಾಸ. ಒಳಗೆ ಬಿಟ್ಟಾಗ ಹೆಸರು ಹಿಡಿದು ಕರೆದು, ಇಂದು ಯಾವ ವಾರ, ಊರಲ್ಲಿ ಏನಾಯಿತು ಎಂದು ಮೆಲ್ಲಗೆ ಮಾತಾಡಿರಿ. ಕನ್ನಡಕವಿದ್ದರೆ ತಂದುಕೊಡಿರಿ.

4. ಡ್ರಿಪ್ ಕಡಿಮೆ

ನಮ್ಮ ಹಳ್ಳಿಗಳಲ್ಲಿ ಗ್ಲೂಕೋಸ್ ಬಾಟಲಿಯ ಮೇಲೆ ವಿಪರೀತ ನಂಬಿಕೆ. ಬಾಟಲಿ ಹಾಕದ ವೈದ್ಯರು ವೈದ್ಯರೇ ಅಲ್ಲವೆನ್ನುವವರೂ ಉಂಟು. ಈ ವಿಷಯದಲ್ಲಿ ಕೀನ್ಯಾ, ಉಗಾಂಡ ಮತ್ತು ಟಾಂಜಾನಿಯಾ ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆ ಎಲ್ಲರ ಕಣ್ಣು ತೆರೆಸಿತು. ತೀವ್ರ ಜ್ವರದಿಂದ ಕೈಕಾಲು ತಣ್ಣಗಾಗಿ ರಕ್ತಸಂಚಾರ ಕುಂದಿದ್ದ 3141 ಮಕ್ಕಳು ಅದರಲ್ಲಿದ್ದರು. ಒಮ್ಮೆಲೇ ವೇಗವಾಗಿ ದ್ರವ ಕೊಟ್ಟ ಎರಡು ಗುಂಪುಗಳಲ್ಲಿ 48 ಗಂಟೆಗಳೊಳಗೆ ಶೇಕಡ 10.6 ಮತ್ತು 10.5 ಮಕ್ಕಳು ತೀರಿಕೊಂಡರು. ವೇಗವಾಗಿ ಕೊಡದೆ ನಿಧಾನವಾಗಿ ಮಾತ್ರ ಕೊಟ್ಟ ಗುಂಪಿನಲ್ಲಿ ಶೇಕಡ 7.3. ಉಪಕಾರವೆಂದು ತಿಳಿದದ್ದೇ ಅಪಕಾರವಾಗಿತ್ತು. ಸಸಿಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದಿಲ್ಲವೇ?

ಇಲ್ಲಿ ಒಂದು ಎಚ್ಚರಿಕೆ. ಈ ಮಾತು ವಾಂತಿಭೇದಿಗೆ ಅನ್ವಯಿಸುವುದಿಲ್ಲ. ಅಂಥ ಮಕ್ಕಳನ್ನು ಆ ಪರೀಕ್ಷೆಗೆ ಸೇರಿಸಿಯೇ ಇರಲಿಲ್ಲ. ಭೇದಿಯಾದ ಮಗುವಿಗೆ ಓ.ಆರ್.ಎಸ್. ದ್ರಾವಣವನ್ನು ಕೂಡಲೆ ಕುಡಿಸತೊಡಗಬೇಕು. ಕುಡಿಯಲಾರದಷ್ಟು ಸೋತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

5. ರಕ್ತ ಕೊಡುವುದು

ಘಟಕದಲ್ಲಿರುವವರ ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂಗೆ ಇಳಿದೊಡನೆ ರಕ್ತ ಕೊಡುವುದು ಹಿಂದೆ ವಾಡಿಕೆಯಾಗಿತ್ತು. ಕೆನಡ ದೇಶದಲ್ಲಿ 838 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 7 ಗ್ರಾಂಗೆ ಇಳಿಯುವವರೆಗೆ ಕಾದ ಗುಂಪಿಗೆ ಯಾವ ಕೇಡೂ ಆಗಲಿಲ್ಲವೆಂದು ಕಂಡುಬಂತು. ಹೀಗೆ ಉಳಿದ ರಕ್ತ ನಿಜವಾಗಿ ಬೇಕಾದವರಿಗೆ ದೊರೆಯುತ್ತದೆ. ಆದರೆ ಹೆರಿಗೆಯಲ್ಲಿಯೋ ಅಪಘಾತದಲ್ಲಿಯೋ ರಕ್ತ ಹರಿದುಹೋಗುತ್ತಿರುವವರ ಮಾತು ಬೇರೆ. ಅವರಿಗೆ ಕಾಯುವಂತಿಲ್ಲ. ಅಂಥ ವೇಳೆಗಾಗಿ ನಮ್ಮ ಯುವಕ ಮಂಡಲಿಗಳವರು ರಕ್ತದಾನಕ್ಕೆ ಸಿದ್ಧರಿರುವುದು ಮೇಲು.

6. ಹೊಟ್ಟೆ ಖಾಲಿ ಇರಿಸುವುದು

ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ತಪ್ಪುತ್ತದೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇದರ ಅಪಾಯವನ್ನು ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಅವರು ಹೆರಿಗೆಗೆ ಬಂದ ಸ್ತ್ರೀಯರನ್ನು ಗಮನಿಸಿ 1946ರಲ್ಲಿ ವಿವರಿಸಿದರು. ಅನಂತರ, ಹಿಂದಿನ ರಾತ್ರಿಯಿಂದ ಹನಿ ನೀರನ್ನೂ ಕೊಡಬಾರದೆಂಬ ಪದ್ಧತಿ ಎಲ್ಲೆಡೆ ಬೆಳೆಯಿತು. ಮುಂದಿನ ಸಂಶೋಧನೆಗಳಿಂದ, ಬರಿಯ ನೀರು ಹೊಟ್ಟೆಯಿಂದ ಬೇಗನೆ ಇಳಿದುಹೋಗುವುದೆಂದು ತಿಳಿಯಿತು. ಆದುದರಿಂದ ಈಗಿನ ಸಾಮಾನ್ಯ ನಿಯಮವೆಂದರೆ, ಊಟ ತಿಂಡಿ 6 ಗಂಟೆ ಮೊದಲೇ ನಿಲ್ಲಬೇಕು. ಜಿಡ್ಡು ಮಾಂಸದ ಊಟವಾದರೆ ಇನ್ನೂ ಮೊದಲು. ಬರಿಯ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು, ಹಾಲು ಹಾಕಿದ ಕಾಫಿ, ರಾಗಿ ಗಂಜಿ ಇವು ನೀರಲ್ಲ, ಆಹಾರ. ಸಿಹಿಮೂತ್ರ ರೋಗ ಮುಂತಾದವು ಇದ್ದವರಿಗೆ ವೈದ್ಯರು ಬೇರೆ ಹೇಳಬಹುದು. ಅವರ ಮಾತನ್ನೇ ಪಾಲಿಸಬೇಕು. ಕನಿಕರದಿಂದ ಮಗುವಿಗೆ ಗುಟ್ಟಾಗಿ ಬಿಸ್ಕತ್ತು ತಿನ್ನಿಸುವುದು ಅದರ ಜೀವಕ್ಕೇ ಅಪಾಯ. ಒಂದು ವೇಳೆ ಏನಾದರೂ ತಿಂದಿದ್ದರೆ ಮುಚ್ಚಿಡದೆ ಹೇಳಿಬಿಡಿರಿ. ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಅಷ್ಟೆ.

ಕೊಡಬೇಕಾದಲ್ಲಿ ಕೊಡಲೇಬೇಕು

ಎಲ್ಲವನ್ನೂ ಕಡಿಮೆ ಮಾಡುವುದೇ ಒಳ್ಳೆಯದೆಂದು ಇದರ ಅರ್ಥವಲ್ಲ. ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ಪರೀಕ್ಷೆಯಲ್ಲಿ, ಕೋವಿಡ್ ತಗುಲಿ ಯಂತ್ರದ ನೆರವಿನಲ್ಲಿದ್ದವರಿಗೆ ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧ ಕೊಟ್ಟಾಗ ಸಾವು ಶೇಕಡ 41.4ರಿಂದ 29.3ಕ್ಕೆ ಇಳಿಯಿತು. ಆದರೆ ಆಮ್ಲಜನಕವೇ ಬೇಡವಾಗಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಅರಿತು ಕೊಡುವುದೇ ಚಿಕಿತ್ಸೆ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಮನೆಯವರು ಮಾಡತಕ್ಕ ಕೆಲಸಗಳು

(1) ತಡಮಾಡಬಾರದು. ನಾಗರಹಾವು, ಕಟ್ಟುಹಾವು ಕಚ್ಚಿದರೆ ವಿಷದಿಂದ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಸಕಾಲದಲ್ಲಿ ಪ್ರತಿವಿಷವೂ ಉಸಿರಾಟದ ನೆರವೂ ದೊರೆತರೆ ಅಂಥವರು ಪೂರ್ಣವಾಗಿ ಗುಣ ಹೊಂದಬಲ್ಲರು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ 108 ವಾಹನವನ್ನು ಕರೆಯಿರಿ.

(2) ರೋಗಿ ದಿನವೂ ಸೇವಿಸುವ ಔಷಧಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ನಾಟಿ ಔಷಧವನ್ನೂ ಬೀಡಿ, ಮದ್ಯದ ಅಭ್ಯಾಸವನ್ನೂ ಮುಚ್ಚಿಡಬೇಡಿರಿ. ವಿಷ ಸೇವನೆಯಾಗಿದ್ದರೆ ಸಂಕೋಚಪಡದೆ ಡಬ್ಬಿಯನ್ನೇ ತೋರಿಸಿರಿ.

(3) ಮನೆಯವರಲ್ಲಿ ತಿಳಿವಳಿಕೆಯುಳ್ಳ ಒಬ್ಬರನ್ನು ಗೊತ್ತುಮಾಡಿ, ದಿನಕ್ಕೊಮ್ಮೆ ಅವರೇ ವೈದ್ಯರೊಡನೆ ಮಾತಾಡಲಿ. ಹತ್ತು ಜನ ಹತ್ತು ಬಗೆಯಾಗಿ ಕೇಳಿದರೆ ಗೊಂದಲವೇ ಹೆಚ್ಚು.

(4) "ಇದನ್ನು ಏಕೆ ಕೊಡುತ್ತಿಲ್ಲ?" ಎಂದು ಆಕ್ಷೇಪಿಸುವ ಬದಲು, "ಇದು ಏತಕ್ಕೆ? ಇಂದು ನಿನ್ನೆಗಿಂತ ಹೇಗಿದೆ? ಮುಂದೇನು?" ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು.

(5) ಒಳಹೋಗುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ರೋಗಿಗೆ ಸೋಂಕು ತಗುಲದಂತೆ ತಡೆಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳ ಕೈಯಲ್ಲಿ ಇದ್ದುದು ಒಂದು ರಬ್ಬರ್ ಚೀಲ ಮಾತ್ರ. ಅದನ್ನು ಎಷ್ಟು ಒತ್ತಬೇಕೋ ಅಷ್ಟೇ ಒತ್ತಿ, ಬಿಡಬೇಕಾದಾಗ ಬಿಟ್ಟು, ಅವರು ಜೀವಗಳನ್ನು ಉಳಿಸಿದರು. ಯಂತ್ರಗಳು ಎಷ್ಟೇ ಬೆಳೆದರೂ ಆ ಹದವೇ ಮುಖ್ಯವೆಂದು ಈಗಿನ ಸಂಶೋಧನೆಯೂ ಹೇಳುತ್ತಿದೆ. ಈ ವಿಷಯವನ್ನು ಓದಲು ಬಾರದವರಿಗೂ ಓದಿ ಹೇಳಿರಿ.