ಕ್ರೈಸ್ತಮತವೂ ದೇಶಸಂಸ್ಕೃತಿಯೂ: ಮಧುರೆಯ ಒಂದು ನಿದರ್ಶನ

ಒಂದು ಧರ್ಮವು ತಾನು ಹುಟ್ಟಿದ ನಾಡನ್ನು ದಾಟಿ ಬೇರೊಂದು ನಾಡನ್ನು ಸೇರಿದಾಗ, ಅಲ್ಲಿಯ ನುಡಿ, ಉಡುಪು, ಆಚಾರಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬ ಪ್ರಶ್ನೆ ಏಳುವುದು ಸಹಜ. ಕ್ರೈಸ್ತಸಭೆಯು ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನರಿಯಲು ಮಧುರೆಯ ವೃತ್ತಾಂತವು ಉತ್ತಮ ನಿದರ್ಶನವಾಗಿದೆ.

ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟೊ ದೆ ನೊಬಿಲಿ 1606ರಲ್ಲಿ ಮಧುರೆಗೆ ಬಂದನು. ಕ್ರೈಸ್ತಮತವೆಂದರೆ ‘ಪರಂಗಿ’ಗಳ, ಅಂದರೆ ಪೋರ್ಚುಗೀಸರ ಕುಲಾಚಾರವೆಂದೇ ಅಲ್ಲಿಯ ಜನರು ಭಾವಿಸಿದ್ದರು. ಈ ಭಾವನೆಯನ್ನು ತೊಡೆಯಲು ನೊಬಿಲಿಯು ಕಾವಿಯನ್ನುಟ್ಟು, ಮಾಂಸಾಹಾರವನ್ನು ವರ್ಜಿಸಿ, ಸಂನ್ಯಾಸಿಯಂತೆ ಬಾಳಿದನು. ತಮಿಳು, ತೆಲುಗು, ಸಂಸ್ಕೃತಗಳನ್ನು ಕಲಿತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿದನು. ದೇವರನ್ನು ‘ಸರ್ವೇಶ್ವರ’ನೆಂದು ಕರೆದನು. ಜನಿವಾರ, ಜುಟ್ಟು, ಗಂಧಗಳು ಕುಲದ ಗುರುತುಗಳೇ ಹೊರತು ಪೂಜಾಂಗಗಳಲ್ಲ; ಆದುದರಿಂದ ಕ್ರೈಸ್ತನಾದವನು ಅವನ್ನು ಬಿಡಬೇಕಾಗಿಲ್ಲ ಎಂಬುದು ಅವನ ವಾದ. ಇತರ ಪಾದ್ರಿಗಳು ಇದನ್ನು ಆಕ್ಷೇಪಿಸಿದರು. ಕಡೆಗೆ 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿಯು ಮೂಢಾಚಾರದ ಸೋಂಕಿಲ್ಲದಂತೆ ಅವನ್ನು ಧರಿಸಲು ಅನುಮತಿಯಿತ್ತನು.

ಆದರೆ ಇಲ್ಲಿಯೇ ತೊಡಕೂ ಅಡಗಿತ್ತು. ಕುಲದ ಗುರುತನ್ನು ಉಳಿಸಿಕೊಂಡಾಗ ಕುಲಭೇದವೂ ಉಳಿಯಿತು. ಮೇಲು ಜಾತಿಯವರಿಗೆ ಸಂನ್ಯಾಸಿವೇಷದ ಪಾದ್ರಿ. ಉಳಿದವರ ನಡುವೆ ಸೇವೆಗಾಗಿ 1640ರಿಂದ ‘ಪಂಡಾರಸ್ವಾಮಿ’ಗಳೆಂಬ ಬೇರೊಂದು ವರ್ಗ. ಒಬ್ಬನೇ ಸರ್ವೇಶ್ವರನ ಭಕ್ತರಿಗೆ ಗುರುಗಳು ಇಬ್ಬಗೆಯಾದರು! ಈ ಮಿಶನ್ನಿನ ಆಚಾರಗಳನ್ನು ಕುರಿತ ವಿವಾದವು ನೊಬಿಲಿಯು 1656ರಲ್ಲಿ ತೀರಿಕೊಂಡ ಮೇಲೂ ಮುಂದುವರಿಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟನು ಅವುಗಳಲ್ಲಿ ಹಲವನ್ನು ನಿಷೇಧಿಸಿದನು.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಯಲ್ಲಿ ದೇಶಭಾಷೆಗಳಿಗೆ ಎಡೆಗೊಟ್ಟು, ಸ್ಥಳೀಯ ಸಂಸ್ಕೃತಿಗಳನ್ನು ಗೌರವದಿಂದ ಕಂಡಿತು. ಆದರೆ 1980ರ ದಶಕದಲ್ಲಿ ದಲಿತ ಕ್ರೈಸ್ತ ಚಿಂತಕರು ಮೂಲಭೂತವಾದ ಪ್ರಶ್ನೆಯೊಂದನ್ನೆತ್ತಿದರು: ‘ಭಾರತೀಯ ಸಂಸ್ಕೃತಿ’ ಎಂದು ಸಭೆಯು ಸ್ವೀಕರಿಸಿದುದು ಯಾರ ಸಂಸ್ಕೃತಿಯನ್ನು?

ಸಂಸ್ಕೃತಿಯು ಏಕರೂಪವಾದುದಲ್ಲ, ಅದರೊಳಗೆ ಮೇಲುಕೀಳಿನ ಮೆಟ್ಟಿಲುಗಳಿವೆ. ನಾಡಿನ ನುಡಿಯನ್ನು ಧರ್ಮವು ತನ್ನದಾಗಿಸಿಕೊಂಡರೆ ಅದರ ಬೇರು ಆಳಕ್ಕಿಳಿಯುತ್ತದೆ. ನಾಡಿನ ಕುಲಭೇದವನ್ನೂ ತನ್ನದಾಗಿಸಿಕೊಂಡರೆ ಅದರ ಬೋಧೆಯೇ ಬರಿದಾಗುತ್ತದೆ. ಈ ವಿವೇಕವು ಕ್ರೈಸ್ತಸಭೆಗೆ ಮಾತ್ರವಲ್ಲ, ಸಮತೆಯನ್ನು ಸಾರುವ ಎಲ್ಲ ಧರ್ಮಗಳಿಗೂ ಅವಶ್ಯವಾದುದು.