ಕತ್ತಲೆ ಕೋಣೆಯ ಕಳ್ಳ ಬೆಳಕು

ಫಿಲ್ಮನ್ನು ಮನೆಯಲ್ಲಿಯೇ ತೊಳೆದು ಚಿತ್ರಗಳನ್ನು ಮುದ್ರಿಸಿಕೊಳ್ಳುವ ಹವ್ಯಾಸವು ಡಿಜಿಟಲ್ ಕ್ಯಾಮೆರಾಗಳ ಈ ಕಾಲದಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಹಿಂದೆ ಈ ಹವ್ಯಾಸಿಗಳಿಗೆ ಕಿಟಕಿಯ ಸಂದು, ಬಾಗಿಲಿನ ಬಿರುಕುಗಳದೇ ಚಿಂತೆ. ಒಂದು ಕರಿಯ ಕಂಬಳಿ ಅದನ್ನು ಪರಿಹರಿಸುತ್ತಿತ್ತು. ಈಗ ಶತ್ರುವು ಕೋಣೆಯೊಳಗೇ ಇದ್ದಾನೆ. ಯು.ಪಿ.ಎಸ್., ರೂಟರು, ಚಾರ್ಜರು, ಅಂಕಿ ಬೆಳಗುವ ಗಡಿಯಾರ ಇವುಗಳ ಮುಖದಲ್ಲೆಲ್ಲ ಸಾಸಿವೆ ಕಾಳಿನಷ್ಟು ದೀಪ. ಇಷ್ಟು ಅಲ್ಪವಾದ ಬೆಳಕು ಏನು ಮಾಡೀತು ಎಂದು ವಾಚಕರು ಕೇಳಬಹುದು.

ಮುದ್ರಣ ಕಾಗದದ ಮೇಲಿರುವ ಬೆಳ್ಳಿಯ ಬ್ರೋಮೈಡು ತಾನಾಗಿ ಹೀರುವುದು ಸುಮಾರು 500 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು, ಎಂದರೆ ನೀಲಿ, ನೇರಿಳೆಗಳನ್ನು. 470 ನ್ಯಾನೋಮೀಟರಿನ ನೀಲಿ ಫೋಟಾನಿಗೆ ಸುಮಾರು 2.6 ಎಲೆಕ್ಟ್ರಾನ್ ವೋಲ್ಟು ಶಕ್ತಿಯಿದೆ. 630ರ ಕೆಂಪು ಫೋಟಾನಿಗೆ 2ಕ್ಕಿಂತ ತುಸು ಕಡಿಮೆ. ಆದುದರಿಂದಲೇ ಕೆಂಪು ದೀಪದಡಿ ಕೆಲಸ ಮಾಡಬಹುದು. ನೀಲಿ ಬೆಳಕಾದರೋ ಒಂದು ಹರಳಿನಲ್ಲಿ ಬೆರಳೆಣಿಕೆಯ ಬೆಳ್ಳಿಯ ಪರಮಾಣುಗಳನ್ನು ಒಟ್ಟುಗೂಡಿಸಿದರೆ ಸಾಕು, ಡೆವಲಪರು ಇಡೀ ಹರಳನ್ನು ಕರಿದು ಮಾಡಿಬಿಡುತ್ತದೆ. ಹಳೆಯ ಉಪಕರಣಗಳ ಸೂಚಕ ದೀಪಗಳು ಬಹುಮಟ್ಟಿಗೆ ಕೆಂಪಾಗಿದ್ದವು. 2014ರಲ್ಲಿ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವನ್ನು ತಂದ ನೀಲಿ ಎಲ್.ಇ.ಡಿ. ಜಗತ್ತಿಗೆ ಮಹದುಪಕಾರ ಮಾಡಿತು; ಕತ್ತಲೆ ಕೋಣೆಗೆ ಮಾತ್ರ ಉಪಕಾರ ಮಾಡಲಿಲ್ಲ. ಬಿಳಿಯ ಎಲ್.ಇ.ಡಿ.ಯ ಒಳಗಿರುವುದೂ ಸಾಮಾನ್ಯವಾಗಿ ನೀಲಿಯೇ.

ಚಾಮುಂಡಿ ಬೆಟ್ಟದ ತಪ್ಪಲಿನ ವಿದ್ಯಾರ್ಥಿಯೊಬ್ಬನು ಬೆಟ್ಟದ ಮೇಲಿನ ರಥೋತ್ಸವದ ಚಿತ್ರಗಳನ್ನು ನಮಗೆ ತೋರಿಸಿದನು. ಆಕಾಶವೂ ಭಕ್ತರ ಬಿಳಿಯ ಪಂಚೆಗಳೂ ಬೂದಿ ಬಳಿದಂತಿದ್ದವು. ದಸರೆಯ ಬಳಿಕ ವರ್ಷಕ್ಕೊಮ್ಮೆ ಎಳೆಯುವ ತೇರು. ಫಿಲ್ಮೇ ಕೆಟ್ಟಿದ್ದರೆ ಮುಂದಿನ ವರ್ಷದವರೆಗೆ ಕಾಯದೆ ಗತಿಯಿಲ್ಲ. ನಾವು ಮೊದಲು ನೋಡಿದುದು ಕಾಗದದ ಅಂಚನ್ನು. ಚೌಕಟ್ಟಿನ ಪಟ್ಟಿಯಡಿ ಅಡಗಿದ್ದ ಅಂಚು ಅಚ್ಚ ಬಿಳುಪಾಗಿತ್ತು. ಕಾಗದವು ಪೆಟ್ಟಿಗೆಯಲ್ಲಾಗಲಿ ತಟ್ಟೆಯಲ್ಲಾಗಲಿ ಮಸುಕಾಗಿದ್ದರೆ ಅಂಚೂ ಮಸುಕಾಗಬೇಕಿತ್ತು. ಆದುದರಿಂದ ಕಳ್ಳ ಬೆಳಕು ಬಿದ್ದುದು ಕಾಗದ ಚೌಕಟ್ಟಿನಲ್ಲಿದ್ದಾಗ. ಎನ್‌ಲಾರ್ಜರಿನ ಪಕ್ಕದಲ್ಲಿ, 25 ಸೆಂಟಿಮೀಟರು ದೂರದಲ್ಲಿ, ನೀಲಿ ದೀಪದ ಚಾರ್ಜರೊಂದಿತ್ತು. ಅದೇ ದೀಪ 2 ಮೀಟರು ದೂರದಲ್ಲಿದ್ದಿದ್ದರೆ ಕಾಗದಕ್ಕೆ ಬೀಳುವ ಬೆಳಕು 64ರಲ್ಲಿ ಒಂದು ಪಾಲಾಗುತ್ತಿತ್ತು. ಫಿಲ್ಮಿಗೆ ಏನೂ ಆಗಿರಲಿಲ್ಲ, ತೇರು ಉಳಿಯಿತು.

ಇಂಥ ದೀಪಗಳನ್ನು ಹುಡುಕಲು ಕಣ್ಣನ್ನು ಮೊದಲು ಸಿದ್ಧಗೊಳಿಸಬೇಕು. ರಾತ್ರಿ ಬೆಟ್ಟದಿಂದ ಮೈಸೂರಿನ ದೀಪಗಳನ್ನು ನೋಡಿ ಥಟ್ಟನೆ ಪೊದೆಗಳತ್ತ ತಿರುಗಿದರೆ ಏನೂ ಕಾಣದು. ಊರಿಗೆ ಬೆನ್ನು ಮಾಡಿ ಇಪ್ಪತ್ತು ನಿಮಿಷ ನಿಂತರೆ ಕಲ್ಲುಗಳೂ ಕಾಣತೊಡಗುತ್ತವೆ. ಕೋಣೆಯಲ್ಲಿಯೂ ಕೆಂಪು ದೀಪವನ್ನಾರಿಸಿ ಅಷ್ಟು ಹೊತ್ತು ಕುಳಿತಿರಬೇಕು. ಅನಂತರ ಗೋಡೆಯ ಮೇಲಿನ ಪ್ರತಿಫಲನವೂ ಕಣ್ಣಿಗೆ ಬೀಳುತ್ತದೆ.

ಕಾಗದದ ಮೇಲೆ ನಾಣ್ಯವಿಟ್ಟು ಪರೀಕ್ಷಿಸುವ ಪದ್ಧತಿ ಹಳೆಯದು. ಆದರೆ ಬರಿಯ ಕಾಗದದಿಂದ ಮೋಸ ಹೋಗುವುದುಂಟು. ಒಂದು ಮಿತಿಯ ಕೆಳಗಿನ ಬೆಳಕು ಬರಿಯ ಕಾಗದದಲ್ಲಿ ಗುರುತು ಮೂಡಿಸದು. ಚಿತ್ರದ ಬೆಳಕಿನೊಡನೆ ಕೂಡಿದಾಗ ಮಾತ್ರ ಬಿಳುಪನ್ನು ಕೆಡಿಸುತ್ತದೆ. ಆದುದರಿಂದ ತೊಳೆದಾಗ ತಿಳಿಬೂದು ಬರುವಷ್ಟು ಬೆಳಕನ್ನು ಎನ್‌ಲಾರ್ಜರಿನಿಂದ ಕಾಗದಕ್ಕೆ ಮೊದಲೇ ಕೊಟ್ಟು, ಮೇಲೆ ನಾಣ್ಯವಿಟ್ಟು, ಕೆಂಪು ದೀಪವನ್ನೂ ಆರಿಸಿ ಐದು ನಿಮಿಷ ಬಿಡಬೇಕು. ತೊಳೆದಾಗ ನಾಣ್ಯದ ವೃತ್ತ ಕಂಡರೆ ಕೋಣೆಯಲ್ಲಿ ಕಳ್ಳನಿದ್ದಾನೆ.

ಉಪಾಯಗಳಲ್ಲಿ ಉತ್ತಮವಾದುದು ಉಪಕರಣವನ್ನು ಹೊರಗಿಡುವುದೇ. ಮೊಬೈಲಿಗಂತೂ ಒಳಗೆ ಪ್ರವೇಶವೇ ಬೇಡ. ಹೊರಗಿಡಲಾಗದುದಕ್ಕೆ ವೈರಿಗೆ ಸುತ್ತುವ ಕರಿಯ ಟೇಪನ್ನು ಎರಡು ಪದರ ಅಂಟಿಸಬಹುದು. ಗಾಳಿಯ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಕೆಂಪು ಅಂಕಿಗಳ ಗಡಿಯಾರ ಕಾಗದಕ್ಕೆ ಸಾಮಾನ್ಯವಾಗಿ ನಿರಪಾಯಕರ. ಆದರೆ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನೂ ಕಾಣಬಲ್ಲುದು. ಅದನ್ನು ಡಬ್ಬಿಗೆ ಸೇರಿಸಿ ಮುಚ್ಚಳ ಹಾಕುವವರೆಗೆ ಆ ಗಡಿಯಾರವೂ ಆರಿರಬೇಕು, ಕೈಗಡಿಯಾರವೂ ಹೊರಗಿರಬೇಕು.