ಕಾಲು ಸೋತರೆ ಪೆಟ್ಟು ಬಿದ್ದದ್ದೆಲ್ಲಿ?

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಮಗುವೊಂದರ ಕಾಲು ಒಂದೆರಡು ದಿನದಲ್ಲೇ ಬಲ ಕಳೆದುಕೊಂಡಿತು ಎಂದಿಟ್ಟುಕೊಳ್ಳಿ. 15 ವರ್ಷದೊಳಗಿನ ಮಗುವಾದರೆ ಆಶಾ ಕಾರ್ಯಕರ್ತೆಯಿಂದ ಜಿಲ್ಲಾ ಕಚೇರಿಯವರೆಗೆ ಅದು ತುರ್ತು ಸುದ್ದಿ. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತ್ತು. ಕಾವಲು ಮಾತ್ರ ಇನ್ನೂ ನಿಂತಿಲ್ಲ. ಕಾಲು ಸೋತ 14 ದಿನದೊಳಗೆ, ಒಂದು ದಿನದ ಅಂತರದಲ್ಲಿ, ಎರಡು ಬಾರಿ ಮಲದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪೋಲಿಯೊ ವೈರಸ್ ಇದೆಯೇ ಎಂಬ ತೀರ್ಪು ಅಲ್ಲಿಯದು.

ಪೆಟ್ಟು ಎಲ್ಲಿ ಬಿದ್ದಿದೆ ಎಂದು ತಿಳಿಯಲು ನರದ ಪರೀಕ್ಷೆ ಬೇಕು. ಚರ್ಮದ ಮೇಲಿಂದಲೇ ನರಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ. ಚುರ್ ಎನ್ನುತ್ತದೆ, ಮಕ್ಕಳು ಅಳುವುದೂ ಉಂಟು. ಸ್ನಾಯುವಿನ ಮೇಲೆ ಅಂಟಿಸಿದ ಎಲೆಕ್ಟ್ರೋಡ್ ಅದರ ಅಲೆಯನ್ನು ಹಿಡಿಯುತ್ತದೆ. ಆರೋಗ್ಯವಂತ ವಯಸ್ಕರ ಕಾಲಿನ ನರದಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 40ರಿಂದ 50 ಮೀಟರ್ ಓಡುತ್ತದೆ. ವೇಗದಷ್ಟೇ ಅಲೆಯ ಎತ್ತರವೂ ಮುಖ್ಯ.

ಪೋಲಿಯೊ ವೈರಸ್ ಬೆನ್ನುಹುರಿಯ ಮುಂಭಾಗದ ಚಾಲಕ ಕೋಶಗಳನ್ನು ಕೊಲ್ಲುತ್ತದೆ. ಅವುಗಳಿಂದ ಹೊರಟ ತಂತುಗಳೂ ಒಣಗುವುದರಿಂದ ಸ್ನಾಯುವಿನ ಅಲೆ ಕುಗ್ಗುತ್ತದೆ. ಉಳಿದ ತಂತುಗಳಲ್ಲಿ ವೇಗ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಸ್ಪರ್ಶದ ನರಕೋಶಗಳಾದರೋ ಬೆನ್ನುಹುರಿಯ ಹೊರಗಿನ ಗಂಟುಗಳಲ್ಲಿವೆ. ಹಾಗಾಗಿ ಸೋತ ಕಾಲಿನಲ್ಲೂ ಸ್ಪರ್ಶದ ಅಲೆ ಸಹಜ. ಹೀಗೇ ಬೇಗನೆ ಕಾಲು ಸೋಲಿಸುವ ಇನ್ನೊಂದು ರೋಗ ಗಿಯಾನ್-ಬಾರೆ. ಅದರ ಸಾಮಾನ್ಯ ಬಗೆಯಲ್ಲಿ ನರದ ಮೇಲಿನ ಮೈಲಿನ್ ಹೊದಿಕೆಯೇ ಹಾಳಾಗಿ ವೇಗ ಕುಸಿಯುತ್ತದೆ. ಈ ವ್ಯತ್ಯಾಸ ಬರೀ ಪಾಂಡಿತ್ಯವಲ್ಲ: ಗಿಯಾನ್-ಬಾರೆಗೆ ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ ಇದೆ, ಪೋಲಿಯೊಗೆ ನಿರ್ದಿಷ್ಟ ಔಷಧವಿಲ್ಲ. ಆದರೆ ಮೊದಲ ಕೆಲ ದಿನಗಳಲ್ಲಿ ಎರಡರಲ್ಲೂ ಪರೀಕ್ಷೆ ಸಹಜ ಬರಬಹುದು, ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.

ದೊಡ್ಡವರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಕಾಲು ಬಿಗಿಯುವ ಇನ್ನೊಂದು ರೋಗವಿದೆ. 1969ರಲ್ಲೇ ಬೆಂಗಳೂರಿನ ನರತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು ದಕ್ಷಿಣ ಭಾರತದ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. 1985ರಲ್ಲಿ ಮಾರ್ಟಿನಿಕ್ ದ್ವೀಪದಲ್ಲಿ, ಮರುವರ್ಷ ಜಪಾನಿನಲ್ಲಿ, ಇಂಥದೇ ರೋಗಕ್ಕೂ ಎಚ್‌ಟಿಎಲ್‌ವಿ-1 ವೈರಸ್‌ಗೂ ನಂಟು ಸಿಕ್ಕಿತು. ಇಲ್ಲಿ ಹಾನಿ ಮಿದುಳಿನಿಂದ ಬೆನ್ನುಹುರಿಯಲ್ಲಿ ಇಳಿಯುವ ಉದ್ದದ ದಾರಿಗಳಿಗೆ. ಆದ್ದರಿಂದ ಕಾಲಿನ ನರದ ಪರೀಕ್ಷೆ ಬಹುಮಟ್ಟಿಗೆ ‘ನಾರ್ಮಲ್’. ದುಡ್ಡು ದಂಡವಾಯಿತು ಎಂದು ಮನೆಯವರು ಗೊಣಗಬಹುದು. ನನಗಂತೂ ಇದು ಬೆಲೆಯುಳ್ಳ ಉತ್ತರ: ದೋಷ ಕಾಲಿನ ನರದಲ್ಲಿಲ್ಲ, ಮೇಲೆ ಹುಡುಕಿ. ಬೆನ್ನಿನ ಎಂಆರ್‌ಐ, ವೈರಸ್‌ನ ಪ್ರತಿಕಾಯಕ್ಕೆ ರಕ್ತಪರೀಕ್ಷೆ, ತಲೆಯ ಮೇಲೆ ಕಾಂತೀಯ ಸುರುಳಿ ಹಿಡಿದು ಕಾಲಿಗೆ ಸಂಕೇತ ತಲುಪುವ ಹೊತ್ತು ಅಳೆಯುವುದು, ಇವೆಲ್ಲ ಆಮೇಲಿನ ಹುಡುಕಾಟ.